ನೀರಿಳಿದ ಮೇಲೆ: ಹಿನ್ನೀರಿನ ದಡದ ಒಂದು ಭಯದ ಆಟ ಕಟ್ಟಿದ ದಿನಚರಿ

‘ಅವರು ಮೊನ್ನೆ ಕೆಳಗೆ ಹೋದರು, ಇನ್ನೂ ಬಂದಿಲ್ಲ.’

ನಾನು ಕಟ್ಟಿದ ಆಟದ ಮೊದಲ ಮಾತು ಇದು. ಶರಾವತಿ ಹಿನ್ನೀರಿನ ದಡದ ಪೇಟೆಯೊಂದರಲ್ಲಿ, ಚಹಾದಂಗಡಿಯ ಬೆಂಚಿನ ಮೇಲೆ ಕುಳಿತ ಮುದುಕರೊಬ್ಬರು ಆಗಷ್ಟೇ ಲಾಂಚಿನಿಂದ ಇಳಿದ ಓದುಗರಿಗೆ ಇದನ್ನು ಹೇಳುತ್ತಾರೆ. ಹೋದವರು ಗಂಡಸೋ ಹೆಂಗಸೋ, ಒಬ್ಬರೋ ಇಬ್ಬರೋ ಎಂಬುದನ್ನು ಕನ್ನಡದ ‘ಅವರು’ ಬಿಟ್ಟುಕೊಡುವುದಿಲ್ಲ. ಮಾರ್ಚ್ ತಿಂಗಳ ಒಂದು ರಾತ್ರಿ ಈ ಸಾಲು ಬರೆದು ಮಲಗಿದೆ. ಬೆಳಿಗ್ಗೆ ಎದ್ದು ಮತ್ತೆ ಓದಿದಾಗ ಮೈ ಜುಮ್ಮೆಂದಿತು. ಕಥೆಯ ಗುಟ್ಟನ್ನು ಮುಚ್ಚಿಡಲು ವಾರಗಟ್ಟಲೆ ಬೀಗ ಹುಡುಕಿದ್ದೆ. ಬೀಗ ನನ್ನ ನಾಲಿಗೆಯ ಮೇಲೆಯೇ ಇತ್ತು.

ಶಿವಮೊಗ್ಗ ಜಿಲ್ಲೆಯ ಸಾಗರದ ಮುದ್ರಣಾಲಯವೊಂದರಲ್ಲಿ ಹದಿನೆಂಟು ವರ್ಷಗಳಿಂದ ಅಕ್ಷರ ಜೋಡಿಸುವ ಕೆಲಸ ನನ್ನದು. ಮದುವೆಯ ಕರೆಯೋಲೆ, ಸಹಕಾರ ಸಂಘದ ವಾರ್ಷಿಕ ವರದಿ, ಯಕ್ಷಗಾನದ ಕರಪತ್ರ ಇವು ಹಗಲಿನವು. ರಾತ್ರಿ ಊಟವಾದ ಮೇಲೆ ಒಂಬತ್ತರಿಂದ ಹನ್ನೊಂದರವರೆಗೆ ಈ ಆಟ. ಓದುವುದೇ ಆಡುವುದಾದ ಆಟ ಇದು. ಪರದೆಯ ಮೇಲೆ ಒಂದು ಪುಟ ಕಥೆ ಬರುತ್ತದೆ, ಕೊನೆಗೆ ಎರಡು ಮೂರು ದಾರಿಗಳಿರುತ್ತವೆ, ಒತ್ತಿದ ದಾರಿಯಲ್ಲಿ ಕಥೆ ಮುಂದುವರಿಯುತ್ತದೆ. 1970ರ ದಶಕದ ಮಧ್ಯದಲ್ಲಿ ಅಮೆರಿಕದ ವಿಲ್ ಕ್ರೌಥರ್ ಗುಹೆಯೊಳಗೆ ಅಲೆಯುವ ಇಂಥದೊಂದು ಆಟ ಬರೆದರು. 1977ರಲ್ಲಿ ಡಾನ್ ವುಡ್ಸ್ ಅದನ್ನು ಬೆಳೆಸಿದರು. ಕ್ರೌಥರ್ ಸ್ವತಃ ಗುಹೆಗಳಿಗೆ ಇಳಿದು ನಕ್ಷೆ ಮಾಡುತ್ತಿದ್ದವರು. ತಾನು ನಡೆದ ನೆಲವನ್ನೇ ಆಟವಾಗಿಸಿದವರು ಎಂಬ ಕಾರಣಕ್ಕೆ ಅವರ ಮೇಲೆ ನನಗೆ ವಿಶೇಷ ಗೌರವ.

ನನ್ನ ನೆಲ ಈ ಹಿನ್ನೀರು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದಾಗ ಕಣಿವೆಯ ಊರುಗಳು, ಗದ್ದೆ ತೋಟಗಳು ನೀರಿನಡಿ ಹೋದವು. 1948ರಲ್ಲಿ ಮಡೆನೂರಿನಲ್ಲಿ ಕಟ್ಟಿದ್ದ ಹಿರೇಭಾಸ್ಕರ ಅಣೆಕಟ್ಟು ಕೂಡ ಮುಳುಗಿತು. ಮಳೆ ಕೈಕೊಟ್ಟು ನೀರು ತೀರಾ ಇಳಿದ ಬೇಸಿಗೆಗಳಲ್ಲಿ ಆ ಹಳೆಯ ಕಟ್ಟಡ ಮತ್ತೆ ಮೇಲೇಳುತ್ತದೆ. ಅಂಥದೊಂದು ಏಪ್ರಿಲ್‌ನಲ್ಲಿ ಒಣಗಿ ಬಿರಿದ ಕೆಸರಿನ ಮೇಲೆ ಅಲ್ಲಿಯ ತನಕ ನಡೆದು ಹೋಗಿದ್ದೆ. ಎಲೆಯೊಂದೂ ಇಲ್ಲದ ಮರದ ಬೊಡ್ಡೆಗಳು, ನಡುವೆ ಯಾರದೋ ಮನೆಯ ಮೆಟ್ಟಿಲು. ಮೆಟ್ಟಿಲು ಮಾತ್ರ ಇತ್ತು, ಮನೆ ಇರಲಿಲ್ಲ. ಆಟದ ಹೆಸರು ಅಲ್ಲೇ ಹೊಳೆಯಿತು: ‘ನೀರಿಳಿದ ಮೇಲೆ’.

ಕಥೆ ಇಷ್ಟು. ನೀವು ಭೂಮಾಪಕರು. ಹಿನ್ನೀರು ಇಳಿದಾಗ ಎದ್ದ ಜಮೀನಿನ ಬಗ್ಗೆ ತಕರಾರು ಬಂದಿದೆ, ಅಳೆಯಲು ಬಂದಿದ್ದೀರಿ. ದಡದ ಮೇಲಿನದು ಮೇಲುಪೇಟೆ. ನೀರಿನಡಿ ಇದ್ದದ್ದು ಕೆಳಪೇಟೆ. ನಿಮ್ಮ ಕೈಯಲ್ಲಿ 33 ಅಡಿಯ ಸರಪಳಿ ಇದೆ. 33 ಅಡಿ ಉದ್ದ, 33 ಅಡಿ ಅಗಲ ಒಂದು ಗುಂಟೆ. 40 ಗುಂಟೆಗೆ ಒಂದು ಎಕರೆ. ಮೊದಲ ದಿನ ಅಳೆದಾಗ ಲೆಕ್ಕ ಕಡತಕ್ಕೆ ಸರಿಯಾಗಿ ಹೊಂದುತ್ತದೆ. ಎರಡನೆಯ ದಿನ ಒಂದು ಗುಂಟೆ ಹೆಚ್ಚು ಬರುತ್ತದೆ. ಮೂರನೆಯ ದಿನ ಎರಡು. ನೀರು ಇಳಿದದ್ದರಿಂದ ಬಂದ ಹೆಚ್ಚಳ ಇದಲ್ಲ, ಏಕೆಂದರೆ ಗಡಿಕಲ್ಲುಗಳು ಇದ್ದಲ್ಲೇ ಇವೆ.

ಹತ್ಯಾರು ಹುಡುಕಿದ್ದು

ಆಜ್ಞೆಯನ್ನು ಬೆರಳಚ್ಚಿಸಿ ಆಡುವ ಆಟ ಮಾಡಬೇಕೆಂಬುದು ಮೊದಲ ಆಸೆ. ‘ಬಾಗಿಲು ತೆರೆ’ ಎಂದು ಬರೆದರೆ ಬಾಗಿಲು ತೆರೆಯಬೇಕು. ಒಂದು ವಾರ ಹೆಣಗಿ ಬಿಟ್ಟೆ. ಓದುಗರು ‘ಬಾಗಿಲನ್ನು ತೆರೆ’ ಎನ್ನಬಹುದು, ‘ಕದ ತೆಗೆ’ ಎನ್ನಬಹುದು, ‘ಬಾಗಿಲು ತೆಗೆಯುತ್ತೇನೆ’ ಎನ್ನಬಹುದು. ಮರ ಎಂಬುದು ಮರವನ್ನು ಆಗುತ್ತದೆ, ಕಾಡು ಎಂಬುದು ಕಾಡನ್ನು ಆಗುತ್ತದೆ, ಮನೆ ಮನೆಯನ್ನು ಆಗುತ್ತದೆ. ಪ್ರತ್ಯಯವನ್ನು ಬಿಡಿಸಿ ಮೂಲ ಪದ ಹಿಡಿಯುವ ತಂತ್ರಾಂಶ ಬರೆಯುವುದು ಬೇರೆಯದೇ ಒಂದು ಜೀವಮಾನದ ಕೆಲಸ. ನನಗೆ ಬೇಕಿದ್ದದ್ದು ಕಥೆ.

ಆಮೇಲೆ ಕವಲೊಡೆಯುವ ಕಥೆಗಳಿಗೆಂದೇ ಇರುವ ಇಂಕ್ ನೋಡಿದೆ. 2016ರಲ್ಲಿ ಮುಕ್ತ ತಂತ್ರಾಂಶವಾಗಿ ಬಿಡುಗಡೆಯಾದ ಈ ಭಾಷೆಯಲ್ಲಿ ಬರೆಯುವುದು ಸುಖ. ಕಥೆಯ ಓಟ ಎಲ್ಲಿಯೂ ಮುರಿಯುವುದಿಲ್ಲ. ಆದರೂ ಕೊನೆಗೆ ನಿಂತದ್ದು ಟ್ವೈನ್ ಬಳಿ. ಕ್ರಿಸ್ ಕ್ಲೈಮಾಸ್ 2009ರಲ್ಲಿ ಹೊರತಂದ ಈ ಸಾಧನ ಇಡೀ ಆಟವನ್ನು ಬ್ರೌಸರ್‌ನಲ್ಲಿ ತೆರೆಯುವ ಒಂದೇ ಎಚ್‌ಟಿಎಂಎಲ್ ಕಡತವಾಗಿ ಕೊಡುತ್ತದೆ. ನಮ್ಮ ಕಡೆ ಮಳೆ ಹಿಡಿದರೆ ಮೊಬೈಲ್ ಸಂಕೇತ ಎರಡು ದಿನ ಇರುವುದಿಲ್ಲ. ಒಮ್ಮೆ ಇಳಿಸಿಕೊಂಡರೆ ಅಂತರಜಾಲವಿಲ್ಲದೆಯೂ ಓದಲು ಬರುವ ಕಡತ ಬೇಕಿತ್ತು. ಟ್ವೈನ್‌ನೊಳಗೆ ಆಟ ಓಡುವ ರೀತಿಯನ್ನು ನಿರ್ಧರಿಸುವ ಹಲವು ಕಥಾಸ್ವರೂಪಗಳಿವೆ; ಲೆಕ್ಕ ಇಡುವ ಕೆಲಸ ಹೆಚ್ಚಿದ್ದುದರಿಂದ ಶುಗರ್‌ಕ್ಯೂಬ್ ಆರಿಸಿದೆ.

ಪುಟಗಳಿಗೆ ಕನ್ನಡದಲ್ಲೇ ಹೆಸರಿಡಲು ಬರುತ್ತದೆ ಎಂದು ತಿಳಿದಾಗ ಆದ ಸಂತೋಷ ದೊಡ್ಡದು. ದಾರಿಯೊಂದನ್ನು ಹೀಗೆ ಬರೆಯಬಹುದು:

[[ಟಾರ್ಚು ಹಿಡಿದು ಮೆಟ್ಟಿಲಿಳಿಯುತ್ತೀರಿ->ಬಾವಿಕಟ್ಟೆ]]

ಎಡಗಡೆಯದು ಓದುಗರಿಗೆ ಕಾಣುವ ಮಾತು, ಬಾಣದ ಮುಂದಿನದು ಹೋಗಿ ತಲಪುವ ಪುಟ. ಲೆಕ್ಕ ಹಿಡಿಯುವ ಚರಾಂಶಗಳ ಹೆಸರನ್ನು ಮಾತ್ರ ರೋಮನ್ ಅಕ್ಷರಗಳಲ್ಲೇ ಇಡಬೇಕಾಯಿತು. ಇಲ್ಲಿ ಓದುವ ಅನುಕೂಲಕ್ಕಾಗಿ ಅವನ್ನೂ ಕನ್ನಡದಲ್ಲೇ ಬರೆಯುತ್ತಿದ್ದೇನೆ.

ಒಂದು ಎಚ್ಚರಿಕೆ. ಟ್ವೈನ್ ಅನ್ನು ಬ್ರೌಸರ್‌ನಲ್ಲಿ ಬಳಸಿದರೆ ಕಥೆ ಉಳಿಯುವುದು ಆ ಬ್ರೌಸರ್‌ನ ಸಂಗ್ರಹದಲ್ಲಿ ಮಾತ್ರ. ಗಣಕಯಂತ್ರ ನಿಧಾನವಾಯಿತೆಂದು ಬ್ರೌಸರ್‌ನ ಹಳೆಯ ದತ್ತಾಂಶವನ್ನೆಲ್ಲ ಅಳಿಸಿದ ದಿನ ನನ್ನ ಎರಡು ಅಧ್ಯಾಯಗಳು ಅದರೊಂದಿಗೆ ಹೋದವು. ನೆನಪಿನಿಂದ ಮತ್ತೆ ಬರೆಯಲು ಮೂರು ವಾರ ಹಿಡಿಯಿತು. ಈಗ ಟ್ವೀ ಎಂಬ ಸರಳ ಪಠ್ಯರೂಪದಲ್ಲಿ ಅಧ್ಯಾಯಕ್ಕೊಂದು ಕಡತ ಇಡುತ್ತೇನೆ. ದಿನಾ ರಾತ್ರಿ ಪೆನ್‌ಡ್ರೈವ್‌ಗೂ ಒಂದು ಪ್ರತಿ ಹೋಗುತ್ತದೆ.

ನೀರಿನ ಮಟ್ಟವೇ ಗಡಿಯಾರ

ಲಿಂಗನಮಕ್ಕಿಯ ಗರಿಷ್ಠ ಮಟ್ಟ ಸಮುದ್ರ ಮಟ್ಟದಿಂದ 1,819 ಅಡಿ. ಸಾಗರ ತಾಲ್ಲೂಕಿನ ಮಕ್ಕಳಿಗೂ ಬಾಯಿಪಾಠವಾಗಿರುವ ಸಂಖ್ಯೆ ಅದು. ಮಳೆಗಾಲದಲ್ಲಿ ಪತ್ರಿಕೆ ಬಂದರೆ ಮೊದಲು ನೋಡುವುದು ಅದನ್ನೇ. ಆಟದಲ್ಲಿ ಗಡಿಯಾರ ಇಲ್ಲ, ದಿನಾಂಕ ಇಲ್ಲ. ಪ್ರತಿ ಅಧ್ಯಾಯದ ತಲೆಯ ಮೇಲೆ ಅಂದಿನ ಮಟ್ಟ ಮಾತ್ರ ಇರುತ್ತದೆ. ಕಥೆ ಶುರುವಾಗುವಾಗ 1,790. ರಾತ್ರಿ ಕಳೆದಂತೆ ಇಳಿಯುತ್ತದೆ. 1,786ಕ್ಕಿಂತ ಕೆಳಗೆ ಬಂದಾಗ ಮೆಟ್ಟಿಲು ಕಾಣುತ್ತದೆ, 1,781ಕ್ಕೆ ಬಾವಿ, 1,774ಕ್ಕೆ ಹೆಬ್ಬಾಗಿಲು. ಇವೆಲ್ಲ ನನ್ನ ಕಥೆಯ ಅಂಕಿಗಳು.

ಐದನೆಯ ಅಧ್ಯಾಯದಲ್ಲಿ ಮಳೆ ಹಿಡಿಯುತ್ತದೆ. ಆಗ ತೆರೆದ ಪುಟಗಳು ಒಂದೊಂದಾಗಿ ಮುಚ್ಚುತ್ತವೆ. ಮೊದಲ ಸಲ ಇದನ್ನು ಆಡಿ ನೋಡಿದಾಗ, ನಾನೇ ಬರೆದ ಬಾವಿಯ ದಾರಿ ಪರದೆಯಿಂದ ಮಾಯವಾದದ್ದು ಕಂಡು ಕೈ ನಿಂತುಹೋಯಿತು. ದೆವ್ವವನ್ನು ವರ್ಣಿಸಿ ಹುಟ್ಟಿಸಲಾಗದ ಭಯ, ನಿನ್ನೆ ಇದ್ದ ಒಂದು ದಾರಿ ಇಂದು ಇಲ್ಲದಿರುವುದರಿಂದ ಹುಟ್ಟುತ್ತದೆ.

ಹಿಂದಿನ ಪುಟಕ್ಕೆ ಮರಳುವ ಗುಂಡಿ ಶುಗರ್‌ಕ್ಯೂಬ್‌ನಲ್ಲಿ ತಾನಾಗಿಯೇ ಬರುತ್ತದೆ. ಇಳಿದ ನೀರನ್ನು ಬೆರಳೊತ್ತಿ ಏರಿಸಲು ಬಂದರೆ ಭಯಕ್ಕೆ ಅರ್ಥವಿಲ್ಲ. ನೆನಪಿಡುವ ಸ್ಥಿತಿಗಳ ಸಂಖ್ಯೆಯನ್ನು ಒಂದಕ್ಕೆ ಇಳಿಸಿ ಆ ದಾರಿ ಮುಚ್ಚಿದೆ; ಆಟವನ್ನು ಉಳಿಸಿಡುವ ಸೌಲಭ್ಯ ಮಾತ್ರ ಬಿಟ್ಟೆ. ಅಲ್ಲಿ ಇನ್ನೊಂದು ತೊಡಕು ಸಿಕ್ಕಿತು. ಉಳಿಸಿದ ಆಟವನ್ನು ತೆರೆದಾಗ ಆ ಪುಟ ಮತ್ತೆ ಮೊದಲಿನಿಂದ ಓಡುತ್ತದೆ. ಬಾವಿಯ ಪುಟದಲ್ಲಿ ನಾನೊಂದು ದಾಳ ಇಟ್ಟಿದ್ದೆ: ನೂರರಲ್ಲಿ ಮೂವತ್ತು ಸಲ ಕೊಡಪಾನ ಮೇಲೆ ಬರುವಾಗ ಭಾರವಾಗಿರುತ್ತದೆ. ಆಟ ತೆರೆದಷ್ಟು ಸಲವೂ ದಾಳ ಹೊಸದಾಗಿ ಬೀಳುತ್ತಿತ್ತು. ಭಾರವಾಗಿದ್ದ ಕೊಡಪಾನ ಹಗುರಾಗುತ್ತಿತ್ತು. ಆರಂಭದಲ್ಲೇ, ದಾಳ ಹೇಗೆ ಬೀಳಬೇಕೆಂದು ನಿರ್ಧರಿಸುವ ಬೀಜಸಂಖ್ಯೆ ನೆಟ್ಟು, ದಾಳದ ಸರಣಿಯನ್ನು ಆಟದ ಸ್ಥಿತಿಯ ಜೊತೆ ಉಳಿಸುವ ಏರ್ಪಾಡು ಶುಗರ್‌ಕ್ಯೂಬ್‌ನಲ್ಲೇ ಇದೆ. ಅದನ್ನು ಹಾಕಿದ ಮೇಲೆ ಒಬ್ಬ ಓದುಗರಿಗೆ ಬಿದ್ದದ್ದು ಅವರ ಪಾಲಿಗೆ ಕೊನೆಯವರೆಗೂ ಅದೇ.

ಒತ್ತಕ್ಷರದ ಕಥೆ

ಅಕ್ಷರಗಳು ಒಂದೊಂದಾಗಿ ಮೂಡಿ ಬರುವಂತೆ ಮಾಡಬೇಕೆಂದು ಮೊದಲಿನಿಂದಲೂ ಆಸೆಯಿತ್ತು. ರಾತ್ರಿಯ ದೃಶ್ಯಗಳಲ್ಲಿ ಓದುಗರ ಉಸಿರನ್ನು ಹಿಡಿದಿಡಲು ಅದಕ್ಕಿಂತ ಒಳ್ಳೆಯ ಉಪಾಯ ನನಗೆ ಗೊತ್ತಿಲ್ಲ. ಇಂಗ್ಲಿಷಿಗೆಂದು ಬರೆದ ತಂತ್ರಾಂಶದ ತುಣುಕೊಂದನ್ನು ತಂದು ಹಾಕಿದೆ. ‘ಸ್ತ್ರೀ’ ಎಂಬ ಪದದಲ್ಲಿ ಸಿಕ್ಕಿಬಿದ್ದೆ.

ಕಣ್ಣಿಗೆ ಒಂದೇ ಅಕ್ಷರವಾದ ‘ಸ್ತ್ರೀ’ ಗಣಕಯಂತ್ರ ಅಕ್ಷರಗಳನ್ನು ಗುರುತಿಸುವ ಪದ್ಧತಿಯಾದ ಯೂನಿಕೋಡ್‌ನಲ್ಲಿ ಆರು ಸಂಕೇತ: ಸ, ಅರ್ಧಾಕ್ಷರ ಮಾಡುವ ವಿರಾಮ ಚಿಹ್ನೆ, ತ, ಮತ್ತೆ ವಿರಾಮ, ರ, ಈಕಾರ. ತುಣುಕು ಒಂದೊಂದನ್ನೇ ಹಾಕುತ್ತ ಹೋದಾಗ ಪರದೆಯ ಮೇಲೆ ಸ, ಸ್, ಸ್ತ, ಸ್ತ್, ಸ್ತ್ರ, ಸ್ತ್ರೀ ಎಂದು ಅಕ್ಷರ ಮೈ ಮುರಿಯುತ್ತ ಬೆಳೆಯಿತು. ಓದುವುದಕ್ಕೆ ಹಿಂಸೆ. ಬ್ರೌಸರ್‌ನೊಳಗೆ ಪಠ್ಯವನ್ನು ಅಕ್ಷರಗಳಾಗಿ ಬಿಡಿಸುವ ಸೆಗ್ಮೆಂಟರ್ ಎಂಬ ಸೌಲಭ್ಯವಿದೆ. ಅದನ್ನು ಹಚ್ಚಿದೆ. ಕಾಗುಣಿತವನ್ನು ಸರಿಯಾಗಿ ಹಿಡಿಯಿತು, ಆದರೆ ನನ್ನ ಗಣಕಯಂತ್ರದಲ್ಲಿ ವಿರಾಮದ ಬಳಿ ಕತ್ತರಿಸಿ ಸ್, ತ್, ರೀ ಎಂದು ಮೂರು ತುಂಡು ಮಾಡಿತು. ಕೊನೆಗೆ ನಾನೇ ನಿಯಮ ಬರೆದೆ: ವ್ಯಂಜನದ ನಂತರ ವಿರಾಮ, ಅದರ ನಂತರ ಮತ್ತೊಂದು ವ್ಯಂಜನ ಇದ್ದರೆ ಬಿಡಬೇಡ, ಕೊನೆಯ ವ್ಯಂಜನಕ್ಕೆ ಅಂಟಿದ ಸ್ವರಚಿಹ್ನೆ, ಅನುಸ್ವಾರ, ವಿಸರ್ಗಗಳನ್ನೂ ಸೇರಿಸಿಕೊ. ಎರಡು ಸಾಲಿನ ನಿಯಮ. ಅದಾದ ಮೇಲೆ ‘ಸ್ತ್ರೀ’ ಒಂದೇ ಏಟಿಗೆ ಮೂಡಿತು. ‘ರಾಷ್ಟ್ರ’, ‘ಅರ್ಘ್ಯ’, ‘ತೀಕ್ಷ್ಣ’ ಎಲ್ಲವನ್ನೂ ಹಾಕಿ ನೋಡಿದೆ. ಆ ರಾತ್ರಿ ನೆಮ್ಮದಿಯ ನಿದ್ದೆ.

ಎರಡು ದಿನದ ಮೇಲೆ ಮುರಿದ ಆ ರೂಪ ಮತ್ತೆ ನೆನಪಾಯಿತು. ಕೆಳಪೇಟೆಯ ಮನೆಯ ಅಟ್ಟದಲ್ಲಿ ಓದುಗರಿಗೆ ಒಂದು ಲೆಕ್ಕದ ಪುಸ್ತಕ ಸಿಗುತ್ತದೆ. ಮೊದಲ ಪುಟಗಳಲ್ಲಿ ಅಡಿಕೆ ಸುಲಿದವರ ಕೂಲಿಯ ಲೆಕ್ಕ. ಮುಂದೆ ಹೋದಂತೆ ಬರೆದ ಕೈಯೇ ಬೇರೆ. ಅಲ್ಲಿ ಒತ್ತಕ್ಷರಗಳನ್ನು ಕೂಡದಂತೆ ಮಾಡಿದೆ. ವಿರಾಮದ ನಂತರ ಕಣ್ಣಿಗೆ ಕಾಣದ ಸೊನ್ನೆಯಗಲದ ಬೇರ್ಪಡಿಕೆ ಸಂಕೇತವೊಂದನ್ನು ಸೇರಿಸಿದರೆ ಸಾಕು. ‘ಸ್ತ್ರೀ’ ಹೋಗಿ ‘ಸ್‌ತ್‌ರೀ’ ಆಗುತ್ತದೆ, ‘ಅಮ್ಮ’ ಹೋಗಿ ‘ಅಮ್‌ಮ’ ಆಗುತ್ತದೆ. ಬರೆಯಲು ಗೊತ್ತಿದ್ದು ಕೂಡಿಸಲು ಮರೆತ ಕೈ. ಅಕ್ಷರ ಜೋಡಿಸಿ ಬದುಕುವ ನನಗೆ ಆ ಪುಟ ಆಟದಲ್ಲೇ ಅತಿ ಹೆಚ್ಚು ಭಯ ಹುಟ್ಟಿಸುತ್ತದೆ.

ಉಳಿದ ಸಣ್ಣ ಕೆಲಸಗಳು ಬೇಗ ಮುಗಿದವು. ನೋಟೋ ಸೆರಿಫ್ ಕನ್ನಡ ಅಕ್ಷರಶೈಲಿಯನ್ನು ಕಡತದೊಳಗೇ ಸೇರಿಸಿದೆ. ಹಾಗೆ ಸೇರಿಸುವಾಗ ಅದು ಮೂಲಕ್ಕಿಂತ ಮೂರನೆಯ ಒಂದು ಪಾಲು ಹಿಗ್ಗುತ್ತದೆ, ಸಹಿಸಿಕೊಳ್ಳಬೇಕು. ಸಾಲಿನ ಎತ್ತರವನ್ನು ಅಕ್ಷರದ ಅಳತೆಯ 1.9 ಪಟ್ಟಿಗೆ ಏರಿಸಿದೆ, ಇಲ್ಲದಿದ್ದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಣಿಸಿಗೆ ತಾಗುತ್ತದೆ. ದಾರಿಗಳಿಗೆ ಬರುವ ಅಡಿಗೆರೆ ಒತ್ತಕ್ಷರದ ಹೊಟ್ಟೆ ಸೀಳುತ್ತಿತ್ತು. ಅದನ್ನು ತೆಗೆದು ಸುಣ್ಣ ಬೆರೆತ ಅರಿಸಿನದ ಬಣ್ಣ ಕೊಟ್ಟೆ.

ಅವರು, ಅವಳು, ಅದು

ಈಗ ಮುಖ್ಯ ಯಂತ್ರಕ್ಕೆ ಬರುತ್ತೇನೆ.

ಕೆಳಗೆ ಹೋದವರ ಬಗ್ಗೆ ಮೇಲುಪೇಟೆಯ ಎಲ್ಲರೂ ‘ಅವರು’ ಎಂದೇ ಮಾತನಾಡುತ್ತಾರೆ. ಓದುಗರು ಆ ಮನೆಯ ಟ್ರಂಕು ತೆರೆದು ಸೀರೆ ಕಂಡ ಮೇಲೆ ಅದೇ ಜನ ‘ಅವಳು’ ಎನ್ನತೊಡಗುತ್ತಾರೆ. ಯಾರೂ ಕಾರಣ ಹೇಳುವುದಿಲ್ಲ. ಗೌರವ ಸದ್ದಿಲ್ಲದೆ ಜಾರಿಹೋಗುತ್ತದೆ, ನಮ್ಮ ಊರುಗಳಲ್ಲಿ ಹೆಂಗಸೊಬ್ಬಳ ಗುಟ್ಟು ಹೊರಬಿದ್ದಾಗ ಜಾರುವ ಹಾಗೆಯೇ. 1,774 ದಾಟಿದ ಮೇಲೆ ಮೂರನೆಯ ಮೆಟ್ಟಿಲು: ‘ಅದು’.

ಹೇಳಲು ಸುಲಭ. ಕಟ್ಟಲು ಹೊರಟರೆ ಕನ್ನಡದಲ್ಲಿ ಸರ್ವನಾಮ ಬದಲಾದರೆ ಕ್ರಿಯಾಪದವೂ ಬದಲಾಗಬೇಕು. ನಿಂತರು, ನಿಂತಳು, ನಿಂತಿತು. ಬಂದರು, ಬಂದಳು, ಬಂತು. ಅವರ ಕೈ, ಅವಳ ಕೈ, ಅದರ ಕೈ. ಪ್ರತಿಯೊಂದು ಕ್ರಿಯಾಪದಕ್ಕೂ ಮೂರು ರೂಪದ ಪಟ್ಟಿ ಮಾಡಿ, ‘ಹಂತ’ ಎಂಬ ಒಂದು ಚರಾಂಶದ ಬೆಲೆ ನೋಡಿ ಸರಿಯಾದದ್ದನ್ನು ಎತ್ತಿಕೊಳ್ಳುವ ಪುಟ್ಟ ಆಜ್ಞೆ ಬರೆದೆ. ಟಾರ್ಚು, ಸರಪಳಿ, ಕೊಡಪಾನಗಳಿಗೂ ಇದೇ ಉಪಾಯ: ಸರಪಳಿ, ಸರಪಳಿಯನ್ನು, ಸರಪಳಿಗೆ, ಸರಪಳಿಯಿಂದ ಎಂದು ವಿಭಕ್ತಿರೂಪಗಳನ್ನು ಮೊದಲೇ ಬರೆದಿಟ್ಟೆ. ಯಂತ್ರದಿಂದ ಪ್ರತ್ಯಯ ಅಂಟಿಸಲು ಹೋದರೆ ಕನ್ನಡ ಕುಂಟುತ್ತದೆ. ಆ ಪಟ್ಟಿಗಳನ್ನೆಲ್ಲ ತುಂಬಲು ಜೂನ್ ತಿಂಗಳಿಡೀ ಬೇಕಾಯಿತು. ಹೊರಗೆ ಮಳೆ, ಒಳಗೆ ಕ್ರಿಯಾಪದ.

ಫಲ ಹೇಗಿತ್ತೆಂದು ಒಂದು ತುಣುಕು ತೋರಿಸುತ್ತೇನೆ. ಇದು ಆರನೆಯ ಅಧ್ಯಾಯದ ಒಂದು ಪುಟ, ಕೊನೆಯ ಹಂತದಲ್ಲಿ ಕಾಣುವ ರೂಪ:

‘ಮಳೆ ನಿಂತಿದೆ. ಹೆಂಚಿನ ಅಂಚಿನಿಂದ ಹನಿ ಬೀಳುತ್ತಿದೆ. ಅದು ಜಗಲಿಯ ಮೇಲೆ ಕುಳಿತಿದೆ. ಅದರ ಕೈಯಲ್ಲಿ ನಿಮ್ಮ ಸರಪಳಿ ಇದೆ. ಅದು ಎಣಿಸುತ್ತಿದೆ.’

ಇದೇ ಪುಟಕ್ಕೆ ಟ್ರಂಕು ತೆರೆಯದೆ ಬಂದ ಓದುಗರಿಗೆ ‘ಅವರು ಜಗಲಿಯ ಮೇಲೆ ಕುಳಿತಿದ್ದಾರೆ. ಅವರ ಕೈಯಲ್ಲಿ ನಿಮ್ಮ ಸರಪಳಿ ಇದೆ. ಅವರು ಎಣಿಸುತ್ತಿದ್ದಾರೆ’ ಎಂದು ಬರುತ್ತದೆ. ಅಂಥವರಿಗೆ ಭಯವಾಗುವುದಿಲ್ಲ, ಕಾಣೆಯಾದವರು ಮರಳಿದರೆಂಬ ಸಮಾಧಾನವಾಗುತ್ತದೆ, ಹೋಗಿ ಪಕ್ಕದಲ್ಲಿ ಕುಳಿತುಕೊಳ್ಳುತ್ತಾರೆ. ಹಾಗೆ ಕುಳಿತವರಿಗೆ ಆಟ ಬೇರೆಯೇ ಕೊನೆ ಕೊಡುತ್ತದೆ.

ನೀವು ಎಂದವಳು ನೀನು ಎಂದಾಗ

ಇದು ವಯಸ್ಕರ ಆಟ. ಹಾಗೆ ಕರೆಯಲು ಕಾರಣ ರಕ್ತವಷ್ಟೇ ಆಗಬಾರದೆಂಬುದು ನನ್ನ ಹಟ. ಭೂಮಾಪಕರು ಉಳಿದುಕೊಳ್ಳುವ ಮನೆಯ ಯಜಮಾನಿ ನಲವತ್ತೈದರ ವಿಧವೆ. ಅವರಿಬ್ಬರ ನಡುವೆ ಒಂದು ಸಂಬಂಧ ಬೆಳೆಯಬಹುದು, ಓದುಗರು ಬಯಸಿದರೆ. ಪ್ರೇಮದ ದೃಶ್ಯ ಬರೆಯಲು ಕುಳಿತಾಗ ಪದಗಳೇ ಸಿಗಲಿಲ್ಲ. ಕಾವ್ಯದ ಸಂಸ್ಕೃತ ಪದಗಳು ಕಲ್ಲಿನ ಹಾಗೆ ತಣ್ಣಗಿದ್ದವು. ಬೀದಿಯ ಪದಗಳಲ್ಲಿ ಬೈಗುಳದ ವಾಸನೆ. ನಾಲ್ಕು ಸಲ ಬರೆದು ಹರಿದೆ. ಐದನೆಯ ಸಲ ಬಚ್ಚಲ ಒಲೆಯ ಮುಂದೆ ದೃಶ್ಯ ಇಟ್ಟೆ. ಮಳೆಯಲ್ಲಿ ತೊಯ್ದು ಬಂದಿದ್ದೀರಿ, ಹಂಡೆಯ ನೀರು ಕುದಿಯುತ್ತಿದೆ, ಒಲೆಗೆ ಒಣ ಸೋಗೆ ತುರುಕುತ್ತ ಆಕೆ ಹೇಳುತ್ತಾಳೆ: ‘ಕಾಲು ಇತ್ತ ಕೊಡು, ಇಂಬಳ ಹತ್ತಿದೆ.’

ಅಲ್ಲಿಯ ತನಕ ಎಪ್ಪತ್ತು ಪುಟ ‘ಕೊಡಿ’, ‘ಬನ್ನಿ’, ‘ಊಟ ಮಾಡಿ’ ಎಂದ ಹೆಂಗಸು ಅವಳು. ‘ಕೊಡು’ ಎಂಬ ಒಂದೇ ಪದದಲ್ಲಿ ಇಬ್ಬರ ನಡುವಿನ ಬಾಗಿಲು ತೆರೆಯಿತು. ಇಂಬಳ ಕಿತ್ತು ಸುಣ್ಣ ಹಚ್ಚುವ ಬೆರಳನ್ನು ಬರೆದೆ, ಒಲೆಯ ಬೆಳಕನ್ನು ಬರೆದೆ. ಉಳಿದದ್ದನ್ನು ಬರೆಯುವ ಅಗತ್ಯವೇ ಬೀಳಲಿಲ್ಲ. ಇನ್ನೊಂದು ಉಪಕಾರವನ್ನೂ ಭಾಷೆಯೇ ಮಾಡಿತ್ತು: ‘ನೀನು ಬಂದೆ’, ‘ನೀವು ಬಂದಿರಿ’ ಎನ್ನುವಲ್ಲಿ ಗಂಡು ಹೆಣ್ಣಿನ ಗುರುತಿಲ್ಲ. ಭೂಮಾಪಕರು ಗಂಡಸೆಂದು ನಾನು ಎಲ್ಲಿಯೂ ಬರೆದಿಲ್ಲ. ಓದುಗರು ಯಾರೋ ಅವರೇ ಆ ಒಲೆಯ ಮುಂದೆ ಕುಳಿತಿರುತ್ತಾರೆ.

ಎರಡು ಅಧ್ಯಾಯ ದಾಟಿ, ಬಾವಿಯೊಳಗಿಂದ ಬರುವ ದನಿ ಅದೇ ಮಾತು ಹೇಳುತ್ತದೆ: ‘ಕಾಲು ಇತ್ತ ಕೊಡು.’

ಮೋಹಕ್ಕೂ ಭಯಕ್ಕೂ ಒಂದೇ ಏಕವಚನ. ಈ ಎರಡು ಪುಟಗಳು ಒಂದನ್ನೊಂದು ನೋಡುವಂತೆ ನಿಂತ ಮೇಲೆ ಆಟ ಕಟ್ಟುವ ಕೆಲಸ ಬಹುಪಾಲು ಮುಗಿದಂತೆಯೇ ಅನಿಸಿತು. ಬಚ್ಚಲ ದೃಶ್ಯವನ್ನು ಬಿಟ್ಟು ಮುಂದೆ ಹೋಗುವ ದಾರಿಯನ್ನೂ ಇಟ್ಟಿದ್ದೇನೆ. ಅದನ್ನು ಹಿಡಿದವರಿಗೆ ಬಾವಿಯ ದನಿ ‘ಕಾಲು ಇತ್ತ ಕೊಡಿ’ ಎನ್ನುತ್ತದೆ. ಅದು ಬೇರೆ ಥರದ ತಣ್ಣಗಿನ ಭಯ. ನನಗೆ ಅದೂ ಇಷ್ಟ.

ತೆಗೆದು ಹಾಕಿದ್ದು

ಮೊದಲ ಕರಡಿನಲ್ಲಿ ಸಾವುಗಳ ಹಿಂದೆ ಮಂಗನ ಕಾಯಿಲೆ ಇತ್ತು. ಊರಿನವರು ದೆವ್ವವೆಂದುಕೊಂಡದ್ದು ಜ್ವರವೆಂದು ಕೊನೆಗೆ ತಿಳಿಯುತ್ತಿತ್ತು. ಈ ಕಾಯಿಲೆ ಮೊದಲು ಪತ್ತೆಯಾದದ್ದು 1957ರಲ್ಲಿ, ನಮ್ಮದೇ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ; ಹರಡುವುದು ಉಣ್ಣೆ ಹುಳದಿಂದ. ಕಥೆಗೆ ಹೇಳಿ ಮಾಡಿಸಿದಂತೆ ಇತ್ತು. ಆದರೆ 2019ರ ಆರಂಭದಲ್ಲಿ ಸಾಗರ ತಾಲ್ಲೂಕಿನ ಅರಳಗೋಡಿನ ಸುತ್ತ ಅದೇ ಜ್ವರದಿಂದ ಜನ ಸತ್ತಾಗ ಆ ದಿನಗಳು ಹೇಗಿದ್ದವೆಂದು ನನಗೆ ನೆನಪಿದೆ. ಸತ್ತ ಮಂಗ ಕಂಡರೆ ಊರೇ ಉಸಿರು ಬಿಗಿಹಿಡಿಯುತ್ತಿತ್ತು. ಆ ಮನೆಗಳ ಯಾರಾದರೂ ಈ ಆಟ ತೆರೆದರೆ? ಇಪ್ಪತ್ತೆರಡು ಪುಟ ಅಳಿಸಿದೆ. ಅಳಿಸಿದ್ದಕ್ಕೆ ಒಂದು ಕ್ಷಣವೂ ವಿಷಾದವಿಲ್ಲ.

ಸದ್ದುಗಳ ವಿಷಯ. 2025ರ ಜುಲೈನಲ್ಲಿ ಹಿನ್ನೀರಿನ ಮೇಲೆ ಅಂಬಾರಗೋಡ್ಲು ಮತ್ತು ಕಳಸವಳ್ಳಿ ನಡುವಿನ ಸೇತುವೆ ಸಂಚಾರಕ್ಕೆ ತೆರೆಯಿತು. ಅದಕ್ಕೆ ಮುಂಚೆ ಒಂದು ಬೇಸಿಗೆಯಲ್ಲಿ ಸಿಗಂದೂರಿಗೆ ಹೋದಾಗ ಲಾಂಚಿನ ಎಂಜಿನ್ ಸದ್ದನ್ನು ಮೊಬೈಲ್‌ನಲ್ಲಿ ಹಿಡಿದಿಟ್ಟಿದ್ದೆ. ಆಟ ತೆರೆಯುವುದೇ ಆ ಸದ್ದಿನಿಂದ. ಓದುಗರು ಪರದೆಯನ್ನು ಒಮ್ಮೆ ಮುಟ್ಟುವ ತನಕ ಬ್ರೌಸರ್ ಸದ್ದು ಹೊರಡಿಸಲು ಬಿಡುವುದಿಲ್ಲ. ಆದ್ದರಿಂದ ಮೊದಲ ಪುಟದಲ್ಲಿ ‘ಲಾಂಚು ಹತ್ತುತ್ತೀರಿ’ ಎಂಬ ಒಂದೇ ದಾರಿ ಇಟ್ಟೆ. ಮುಟ್ಟಿದ ಕೂಡಲೇ ಎಂಜಿನ್ ಗುಡುಗುತ್ತದೆ.

ಅದಕ್ಕೂ ಮೊದಲು ಒಂದು ಬಿಳಿ ಪುಟ ಬರುತ್ತದೆ. ಹದಿನೆಂಟು ವರ್ಷ ದಾಟಿದವರಿಗೆ ಮಾತ್ರ ಎಂದು ಅಲ್ಲಿ ಬರೆದಿದ್ದೇನೆ. ಒಳಗೆ ಏನೇನಿದೆ ಎಂಬುದನ್ನೂ ಮುಚ್ಚುಮರೆಯಿಲ್ಲದೆ ಹೇಳಿದ್ದೇನೆ: ಸಾವು, ನೀರಿನಲ್ಲಿ ಮುಳುಗುವುದು, ಹೆಂಗಸೊಬ್ಬಳ ಮೇಲೆ ಊರು ನಡೆಸುವ ದೌರ್ಜನ್ಯ, ಪ್ರೇಮದ ದೃಶ್ಯ. 2025ರ ಜುಲೈನಲ್ಲಿಯೇ ಒಂಟಿ ಕೆಲಸಗಾರರ ಆಟಗಳನ್ನು ಪ್ರಕಟಿಸುವ ಇಚ್.ಐಒ ತಾಣ, ಹಣ ಪಾವತಿ ಸಂಸ್ಥೆಗಳ ಒತ್ತಡದಿಂದ, ವಯಸ್ಕರದೆಂದು ಗುರುತಿಸಿದ ಆಟಗಳನ್ನು ಹುಡುಕಾಟದಿಂದ ಹೊರಗಿಟ್ಟಿತ್ತು. ನನ್ನಂಥ ಒಂಟಿ ಕೆಲಸಗಾರರು ಆ ಕಾರಣಕ್ಕೆ ಗುರುತು ಹಾಕದೆ ನುಣುಚಿಕೊಳ್ಳಬಾರದು. ಏನಿದೆ ಎಂದು ತಿಳಿದು ಒಳಗೆ ಬರುವುದು ಓದುಗರ ಹಕ್ಕು.

ಎಲೆಗಳ ಲೆಕ್ಕ

ಸೆಪ್ಟೆಂಬರ್ ಹೊತ್ತಿಗೆ 214 ಪುಟಗಳು ಸೇರಿದ್ದವು. ಓದಿ ನೋಡಲು ಮೂವರಿಗೆ ಕೊಟ್ಟೆ. ಅವರಲ್ಲಿ ನನ್ನ ಚಿಕ್ಕಮ್ಮ ಒಬ್ಬರು. ನಲವತ್ತು ವರ್ಷ ಮದುವೆ ಮುಂಜಿಗಳಲ್ಲಿ ಅಡುಗೆ ಮಾಡಿದವರು, ಮೊಬೈಲ್‌ನಲ್ಲಿ ಕಥೆ ಓದುವುದು ಇದೇ ಮೊದಲು. ಕನ್ನಡಕ ಏರಿಸಿಕೊಂಡು ಜಗಲಿಯಲ್ಲಿ ಕುಳಿತು, ಬಾಯಿಬಿಟ್ಟು ಓದುತ್ತಿದ್ದರು. ನಾನು ಒಳಗಿನಿಂದ ಕೇಳಿಸಿಕೊಳ್ಳುತ್ತಿದ್ದೆ. ಎರಡನೆಯ ಅಧ್ಯಾಯದ ಊಟದ ದೃಶ್ಯ ಬಂದಾಗ ದನಿ ನಿಂತಿತು.

‘ಇಲ್ಲಿ ಊಟಕ್ಕೆ ಕುಳಿತವರು ಮೂರು ಜನ. ಅಲ್ಲವೇನೋ?’

‘ಹೌದು ಚಿಕ್ಕಮ್ಮ.’

‘“ಅವರಿಗೂ ಎಲೆ ಹಾಕಿ” ಎಂದು ಆ ಮುದುಕ ಹೇಳುತ್ತಾನೆ. ಆಮೇಲೆ ನೋಡಿದರೆ ಐದು ಎಲೆ ಹಾಕಿದ್ದೀಯ.’

ನಾನು ಹೊರಗೆ ಬಂದೆ. ಆ ಐದನೆಯ ಎಲೆಯನ್ನು ಇಟ್ಟು ನಾಲ್ಕು ತಿಂಗಳಾಗಿತ್ತು. ಹೋದವರು ಇಬ್ಬರು ಎಂಬುದಕ್ಕೆ ಅದೊಂದೇ ಸುಳಿವು, ಮಾತಿನ ನಡುವೆ ಹುಗಿದಿಟ್ಟದ್ದು. ಉಳಿದ ಇಬ್ಬರು ಓದುಗರೂ ಅದನ್ನು ದಾಟಿ ಹೋಗಿದ್ದರು.

‘ಇಬ್ಬರು ಹೋಗಿದ್ದಾರೆ ಹಾಗಾದರೆ’ ಎಂದರು ಚಿಕ್ಕಮ್ಮ. ‘ಅದು ಸರಿ. ಆದರೆ ಆ ಎರಡು ಎಲೆಗೆ ಬಡಿಸಿದವರು ಯಾರು? ಎಲೆ ಹಾಕಿ ಬರಿದಾಗಿ ಬಿಡುತ್ತಾರೇನೋ? ನೀರು ಚಿಮುಕಿಸಿ, ಉಪ್ಪಾದರೂ ಹಾಕಬೇಕು. ಊಟ ಮುಗಿದ ಮೇಲೆ ಆ ಎಲೆ ಎತ್ತಿದ್ದು ಯಾರು? ಅದನ್ನೂ ಬರೆದಿಲ್ಲ ನೀನು.’

ಅವರು ಮುಂದಿನ ಪುಟಕ್ಕೆ ಹೋದರು. ನಾನು ಗಣಕಯಂತ್ರದ ಮುಂದೆ ಕುಳಿತು ಆ ಅಧ್ಯಾಯದ ಕಡತ ತೆರೆದೆ. ಈಗ ಎರಡು ಖಾಲಿ ಎಲೆಗಳ ಮೇಲೂ ನೀರಿನ ಹನಿಗಳಿವೆ, ಮೂಲೆಯಲ್ಲಿ ಚಿಟಿಕೆ ಉಪ್ಪಿದೆ. ಊಟ ಮುಗಿದ ಮೇಲೆ ಒಂದು ಹೊಸ ದಾರಿ ಬರುತ್ತದೆ, ಮೊದಲ ಅಧ್ಯಾಯದಲ್ಲಿ ಹೆಬ್ಬಾಗಿಲಿನ ಬಗ್ಗೆ ಕೇಳಿದವರಿಗೆ ಮಾತ್ರ:

[[ಉಳಿದ ಎರಡು ಎಲೆಗಳನ್ನು ಎತ್ತಲು ಏಳುತ್ತೀರಿ->ಎಲೆ]]

ಆ ಪುಟದಲ್ಲಿ ಎರಡೇ ಸಾಲುಗಳಿವೆ. ಒಂದು ಎಲೆ ನೀವು ಬರುವ ಮೊದಲೇ ಮಡಚಿಕೊಂಡಿದೆ. ಉಪ್ಪು ಖಾಲಿಯಾಗಿದೆ.